ಚೌಡಮ್ಮತ್ತೆಯ ಸಿನಿಮಾ ನೋಡಲು ಕೋಲಾರಕ್ಕೆ

ಬೈರಕೂರಿನಲ್ಲಿ ಬೆಳಗಿನ ಬಸ್ಸು ಹತ್ತುವ ಮೊದಲೇ ನಮ್ಮ ಚೌಡಮ್ಮತ್ತೆಗೆ ಸಿಟ್ಟು ಬಂದಿತ್ತು. ಕಾರಣ ಅವರ ಓರಗಿತ್ತಿ ಮುನಿರತ್ನಮ್ಮ. ಹೊಸ ಸೀರೆ ಉಟ್ಟು, ಮಲ್ಲಿಗೆ ಮುಡಿದು ಬಂದಿದ್ದ ಆಕೆ ಬಸ್ಸಿಗೆ ಕಾಯುತ್ತಿದ್ದವರಿಗೆಲ್ಲ ಕೇಳುವಂತೆ, "ನಮ್ಮಕ್ಕನ ಪಿಚ್ಚರ್ ನೋಡಕ್ಕೆ ಕೋಲಾರಕ್ಕೆ ಹೋಗ್ತಾ ಇದೀವಿ. ಹೀರೋಯಿನ್ನೇ ಜೊತೆಗಿದಾಳೆ ನೋಡ್ರಮ್ಮಾ" ಎಂದು ಸಾರುತ್ತಿದ್ದರು. ನಿಂತವರೆಲ್ಲ ಕಿಸಕ್ಕನೆ ನಕ್ಕರು. ಅತ್ತೆ ಹುಬ್ಬು ಗಂಟಿಕ್ಕಿ, ಸೆರಗು ಬಿಗಿದುಕೊಂಡು ರಸ್ತೆಯ ಕಡೆ ಮುಖ ತಿರುಗಿಸಿದರು.

ಈ ನಗು ಹಳೆಯದು. ಚೌಡಮ್ಮತ್ತೆ ನಮ್ಮಪ್ಪನ ಅಕ್ಕ. ಹುಟ್ಟಿದ್ದು ಆವನಿಯಲ್ಲಿ, ಮದುವೆಯಾಗಿ ಬಂದಿದ್ದು ಬೈರಕೂರಿಗೆ. ಅವರು ಲಂಗ ಉಡುವ ವಯಸ್ಸಿನಲ್ಲಿ ಆವನಿ ಬೆಟ್ಟದ ಬುಡದಲ್ಲಿ ಒಂದು ಸಿನಿಮಾದ ಚಿತ್ರೀಕರಣ ನಡೆದಿತ್ತಂತೆ. ನೀರಿಗೆ ಹೋಗುವ ಹುಡುಗಿಯರ ಸಾಲಿನಲ್ಲಿ ಇವರನ್ನೂ ನಿಲ್ಲಿಸಿದ್ದರಂತೆ. ಆ ಸಿನಿಮಾ ಓಡಲಿಲ್ಲ, ನಮ್ಮ ಕಡೆ ಯಾರೂ ನೋಡಲಿಲ್ಲ. ಜೊತೆಯ ಹುಡುಗಿಯರು ಮದುವೆಯಾಗಿ ಎಲ್ಲೆಲ್ಲೋ ಸೇರಿಹೋದರು. ಉಳಿದಿದ್ದು ಅತ್ತೆಯ ಮಾತೊಂದೇ. ಅದನ್ನು ಮೊದಲು ಸುಳ್ಳೆಂದವರು ಮುನಿರತ್ನಮ್ಮ. ಅಲ್ಲಿಂದ ಮುಂದೆ ಬೈರಕೂರಿನಲ್ಲಿ ಯಾರು ಬುರುಡೆ ಬಿಟ್ಟರೂ "ಚೌಡಮ್ಮನ ಸಿನಿಮಾ" ಅನ್ನುವುದು ರೂಢಿಯಾಯಿತು.

ತಮಾಷೆಗೆ ಅಂದಿದ್ದರೆ ಅತ್ತೆಯೂ ನಗುತ್ತಿದ್ದರೋ ಏನೋ. ಒಮ್ಮೆ ಪಕ್ಕದ ತೋಟದ ಪಂಪಿನ ಮೋಟಾರು ಕಳುವಾಯಿತು. ಹೊತ್ತುಕೊಂಡು ಹೋದವನನ್ನು ಅತ್ತೆ ಕಣ್ಣಾರೆ ಕಂಡಿದ್ದರು. ಪಂಚಾಯಿತಿ ಕಟ್ಟೆಯಲ್ಲಿ ಹೆಸರು ಹೇಳಿದರೆ, ಹಿರಿಯರೆನಿಸಿಕೊಂಡವರೇ "ಇದೂ ಚೌಡಮ್ಮನ ಸಿನಿಮಾನಾ?" ಎಂದು ನಕ್ಕು ಎದ್ದುಹೋದರು. ಅದನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಒಂದು ಹೆಂಗಸಿನ ಮಾತನ್ನು ಇಡೀ ಊರು ಸೇರಿ ಕಸ ಮಾಡಿಬಿಟ್ಟಿತ್ತು.

ಮುಳಬಾಗಿಲಿನಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಕಳೆದ ಬೇಸಿಗೆಯಲ್ಲಿ ಎದುರು ಗೋಡೆಗೆ ಪೋಸ್ಟರ್ ಅಂಟಿಸಿದ್ದರು. ಕೋಲಾರದ ಥಿಯೇಟರಿನಲ್ಲಿ ಬೇಸಿಗೆಯ ಉಚಿತ ಚಿತ್ರಮಾಲೆ, ಪ್ರತಿ ಭಾನುವಾರ ಬೆಳಿಗ್ಗೆ ಹತ್ತೂವರೆಗೆ, ನಮ್ಮ ಜಿಲ್ಲೆಯಲ್ಲಿ ತೆಗೆದ ಹಳೆಯ ಸಿನಿಮಾಗಳು. ಪಟ್ಟಿಯಲ್ಲಿ ಅತ್ತೆ ಹೇಳುತ್ತಿದ್ದ ಸಿನಿಮಾದ ಹೆಸರೂ ಇತ್ತು. ಫೋನ್ ಮಾಡಿದೆ. ಅತ್ತೆ, "ಮುನಿರತ್ನನ್ನೂ ಕರ್ಕೊಂಡು ಹೋಗೋಣ ಕಣೇ. ಅವಳು ನೋಡ್ಬೇಕು" ಅಂದರು. ಶನಿವಾರ ಸಂಜೆಯೇ ನಾನು ಬೈರಕೂರಿಗೆ ಹೋದೆ.

ಸರ್ಕಾರಿ ಬಸ್ಸು, ಮೂವರೂ ಆಧಾರ್ ಕಾರ್ಡ್ ತೋರಿಸಿ ಸೊನ್ನೆ ಟಿಕೆಟ್ ಪಡೆದೆವು. ಮುಳಬಾಗಿಲಿನಲ್ಲಿ ಇಳಿದು ದೋಸೆ ತಿಂದೆವು. ಇಲ್ಲಿಯ ದೋಸೆಯ ರುಚಿ ಬೇರೆಲ್ಲೂ ಇಲ್ಲವೆಂದು ನಾನು ಜಗಳಕ್ಕೇ ನಿಲ್ಲುತ್ತೇನೆ, ಆದರೆ ಅವತ್ತು ಅತ್ತೆಗೆ ಅರ್ಧ ದೋಸೆಯೂ ಇಳಿಯಲಿಲ್ಲ. "ಸಿನಿಮಾದೋರು ಅದ್ನ ಕತ್ತರಿಸಿ ಹಾಕಿದ್ರೆ?" ಎಂದು ಮೆಲ್ಲಗೆ ಕೇಳಿದರು. ಉಳಿದರ್ಧ ದೋಸೆಯನ್ನು ತಮ್ಮ ತಟ್ಟೆಗೆ ಎಳೆದುಕೊಂಡ ಮುನಿರತ್ನಮ್ಮ, "ಈಗ್ಲೇ ಪೀಠಿಕೆ ಶುರು ಮಾಡಿದ್ಯಾ ಅಕ್ಕಾ?" ಅಂದರು.

ಹೆದ್ದಾರಿಯಲ್ಲಿ ಕೋಲಾರ ಮುಕ್ಕಾಲು ಗಂಟೆಯ ದಾರಿ. ಭಾನುವಾರವಾದ್ದರಿಂದ ಕೂರಲು ಜಾಗ ಸಿಕ್ಕಿತು. ಕೋಲಾರದಲ್ಲಿ ಇಳಿದಾಗ ಹತ್ತು ಗಂಟೆ, ಬಿಸಿಲು ಆಗಲೇ ನೆತ್ತಿ ಸುಡುತ್ತಿತ್ತು. ಬಸ್‌ಸ್ಟ್ಯಾಂಡಿನಿಂದ ಆಟೋದವನು ಎಂಬತ್ತು ರೂಪಾಯಿ ಕೇಳಿದ. ಬಸ್ಸು ಪುಕ್ಕಟೆ, ಸಿನಿಮಾ ಪುಕ್ಕಟೆ, ಎಲ್ಲ ಇವನ ಜೇಬಿಗೇ ಹೋಗಬೇಕೇನು ಎಂದು ನಡೆದುಕೊಂಡೇ ಹೋದೆವು.

ಥಿಯೇಟರಿನ ಮುಂದೆ ದೊಡ್ಡ ಫ್ಲೆಕ್ಸು. ಅದರಲ್ಲಿ ಕೈಮುಗಿದು ನಿಂತ ಗಣ್ಯರ ಮುಖಗಳು, ನಿವೇಶನ ಮಾರುವ ಪ್ರಾಯೋಜಕರ ಜಾಹೀರಾತು. ಸಿನಿಮಾದ ಹೆಸರು ಕೆಳಗಡೆ, ಇರುವೆ ಸಾಲಿನಷ್ಟು ಸಣ್ಣದಾಗಿ. ಒಳಗೆ ಬಾಲ್ಕನಿ ಪೂರ್ತಿ ಗಣ್ಯರಿಗೆ ಮೀಸಲು. ಗಣ್ಯರು ಒಬ್ಬರೂ ಇಲ್ಲ! ನಾವು ಕೆಳಗೆ, ಫ್ಯಾನಿಲ್ಲದ ಕಡೆ, ಹರಿದ ಸೀಟುಗಳಲ್ಲಿ ಕೂತೆವು. ಮುಖ್ಯ ಅತಿಥಿಗಳಿಗಾಗಿ ಕಾಯುತ್ತಿದ್ದೇವೆ ಎಂದು ಮೈಕಿನಲ್ಲಿ ಹೇಳಿದರು. ಹನ್ನೊಂದಾಯಿತು, ಹನ್ನೊಂದೂವರೆಯಾಯಿತು. ಮಕ್ಕಳು ನೀರು ನೀರು ಎಂದು ಅಳುತ್ತಿದ್ದವು. ಅತಿಥಿಗಳ ಸುಳಿವಿಲ್ಲ. ಕೊನೆಗೆ ಜನ ಸೀಟು ಬಡಿಯತೊಡಗಿದ ಮೇಲೆ ದೀಪ ಆರಿಸಿ ಸಿನಿಮಾ ಬಿಟ್ಟರು.

ಕಪ್ಪು ಬಿಳುಪಿನ ಚಿತ್ರ. ಕಥೆ ಏನೆಂದು ನನ್ನನ್ನು ಕೇಳಬೇಡಿ, ನಾನು ಕಥೆ ನೋಡಲಿಲ್ಲ, ಅತ್ತೆಯ ಮುಖ ನೋಡುತ್ತಿದ್ದೆ. ಸುಮಾರು ಹೊತ್ತಿನ ಮೇಲೆ ತೆರೆಯ ಮೇಲೆ ಆವನಿ ಬೆಟ್ಟ ಬಂತು. ಅತ್ತೆ ನನ್ನ ಮಣಿಕಟ್ಟು ಹಿಡಿದರು. "ಬಂತು ಕಣೇ, ಈ ಬಂಡೆ ಆದ್ಮೇಲೆ ನಾವೇ." ಓರಗಿತ್ತಿಗೂ ಮೊಣಕೈಯಿಂದ ತಿವಿದರು. "ಚೂಡು, ಸರಿಯಾಗಿ ನೋಡು."

ಅಷ್ಟರಲ್ಲಿ ಫಕ್ಕನೆ ಹಾಲಿನ ದೀಪಗಳೆಲ್ಲ ಹತ್ತಿಕೊಂಡವು. ಮುಖ್ಯ ಅತಿಥಿಗಳು ಆಗಮಿಸಿದ್ದಾರೆ, ಎಲ್ಲರೂ ಚಪ್ಪಾಳೆ ತಟ್ಟಬೇಕು ಎಂದು ಮೈಕು ಅರಚಿತು. ಅತಿಥಿ, ಅವರ ಹಿಂದೆ ಹತ್ತಾರು ಜನ, ತೆರೆಯ ಮುಂದೆಯೇ ಸಾಲಾಗಿ ನಿಂತರು. ಪೇಟ ತೊಡಿಸಿದರು, ಶಾಲು ಹೊದಿಸಿದರು, ಹಾರ ಹಾಕಿ ಫೋಟೋಕ್ಕೆ ನಿಂತರು. ಸಿನಿಮಾವನ್ನು ನಿಲ್ಲಿಸಬೇಕೆಂದು ಒಬ್ಬನಿಗೂ ತೋಚಲಿಲ್ಲ! ಅದು ಅವರ ಬೆನ್ನ ಹಿಂದೆ ಸುಣ್ಣದ ಗೋಡೆಯಂತೆ ಬಿಳಿಚಿಕೊಂಡು ಓಡುತ್ತಲೇ ಇತ್ತು. ಹುಡುಗಿಯರ ಹಾಡು ಕೇಳಿಸಿತು. ಒಬ್ಬ ಹುಡುಗಿಯೂ ಕಾಣಿಸಲಿಲ್ಲ.

"ನಂಗೇನೂ ಕಾಣಿಸ್ಲಿಲ್ಲಪ್ಪ" ಅಂದರು ಮುನಿರತ್ನಮ್ಮ.

ನನ್ನ ತಲೆ ಕೆಟ್ಟುಹೋಯಿತು. ಎದ್ದು ಹೋಗಿ ಬ್ಯಾಡ್ಜು ಹಾಕಿಕೊಂಡಿದ್ದ ಸಂಘಟಕನನ್ನು ಹಿಡಿದೆ. "ರೀ, ಆ ಹಾಡು ಇನ್ನೊಂದ್ಸಲ ಹಾಕ್ರಿ. ನಮ್ಮತ್ತೆ ಅದರಲ್ಲಿದಾರೆ."

ಆತ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಫ್ರೀ ಶೋ ಕಣಮ್ಮ ಇದು. ಕಾಸು ಕೊಟ್ಟು ಬಂದೋರ ಥರ ಕೇಳ್ತೀರಲ್ಲ" ಅಂದ.

ಎಂಥ ಮಾತು! ಉಚಿತ ಎಂದು ಗೋಡೆಗೋಡೆಗೆ ಬರೆದು ಕರೆಯುವವರು ಇವರೇ, ಬಂದ ಮೇಲೆ ಭಿಕ್ಷೆಗೆ ಬಂದವರಂತೆ ನೋಡುವವರೂ ಇವರೇ. ಅವನ ಮುಖಕ್ಕೆ ಸರಿಯಾಗಿ ಮಂಗಳಾರತಿ ಎತ್ತುವುದರಲ್ಲಿದ್ದೆ, ಹಿಂದಿನಿಂದ ಅತ್ತೆಯ ದನಿ ಕೇಳಿಸಿತು. ಸೀಟಿನ ಮುಂದೆ ಎದ್ದು ನಿಂತಿದ್ದರು. ಹೊಲದ ಆ ತುದಿಯಲ್ಲಿರುವವರನ್ನು ಕೂಗುವ ದನಿ ಅದು.

"ಲೈಟು ಆಪಂಡ್ರಾ! ಲೈಟ್ ಆರ್ಸ್ರೋ! ಒನ್ಸ್ ಮೋರ್!"

ಒನ್ಸ್ ಮೋರ್ ಎಂಬ ಕೂಗಿಗೆ ನಮ್ಮ ಕಡೆಯ ಥಿಯೇಟರುಗಳಲ್ಲಿ ಇರುವ ಬೆಲೆ ಯಾವ ಅರ್ಜಿಗೂ ಇಲ್ಲ. ಹಾಡು ಹಿಡಿಸಿದರೆ ಮತ್ತೆ ಹಾಕುವ ತನಕ ಜನ ಬಿಡುವುದಿಲ್ಲ. ಬೆಳಗಿನಿಂದ ಬೆವರುತ್ತ ಕೂತಿದ್ದವರಿಗೂ ಅದೇ ಬೇಕಾಗಿತ್ತೋ ಏನೋ, ಮುಂದಿನ ಸಾಲು ಕೂಗಿತು, ಹಿಂದಿನದು ಶಿಳ್ಳೆ ಹೊಡೆಯಿತು, ಹಾಲಿಗೆ ಹಾಲೇ ಒನ್ಸ್ ಮೋರ್ ಎಂದು ಸೀಟು ಬಡಿಯಿತು. ಪೇಟದ ಅತಿಥಿ ಮೈಕು ಹಿಡಿದು "ಆತ್ಮೀಯರೇ" ಅಂದರೂ ಯಾರಿಗೂ ಬೇಡವಾಗಿತ್ತು. ಕೊನೆಗೆ ಅವರೇ, "ತಮ್ಮೆಲ್ಲರ ಬೇಡಿಕೆಯನ್ನು ಈ ಕೂಡಲೇ ಈಡೇರಿಸುತ್ತಿದ್ದೇನೆ" ಎಂದು ಕೈಮುಗಿದರು. ಕಸಿದುಕೊಂಡವರೂ ಇವರೇ, ಈಡೇರಿಸಿದ ಪುಣ್ಯವಂತರೂ ಇವರೇ!

ದೀಪ ಆರಿತು. ಬೆಟ್ಟ ಬಂತು, ಬಂಡೆ ಬಂತು, ಕೊಡ ಹೊತ್ತ ಹುಡುಗಿಯರು ಬಂದರು. ಎಲ್ಲರೂ ಮುಂದೆ ನೋಡಿ ನಡೆಯುತ್ತಿದ್ದರು. ಒಬ್ಬಳು ಮಾತ್ರ ಕತ್ತು ಹೊರಳಿಸಿ, ಹುಬ್ಬು ಗಂಟಿಕ್ಕಿ, ನೇರವಾಗಿ ನಮ್ಮನ್ನೇ ದುರುಗುಟ್ಟಿ ನೋಡಿದಳು. ಯಾರೂ ತೋರಿಸಿಕೊಡಬೇಕಾಗಿರಲಿಲ್ಲ. ಆ ಮೂತಿಯನ್ನೇ ನಾನು ಬೆಳಿಗ್ಗೆ ಬಸ್‌ಸ್ಟಾಪಿನಲ್ಲಿ ನೋಡಿದ್ದೆ.

"ಅಯ್ಯೋ ದೇವುಡಾ, ಅಕ್ಕಾ!" ಮುನಿರತ್ನಮ್ಮ ಬಾಯಿಗೆ ಸೆರಗು ಒತ್ತಿಕೊಂಡರು.

"ಕ್ಯಾಮೆರಾ ನೋಡ್ಬೇಡ ಅಂತ ಗದರಿದ್ನೇ ಆ ಸಿನಿಮಾದೋನು, ಅದ್ಕೇ ನೋಡ್ದೆ" ಅಂದರು ಅತ್ತೆ. ಆಮೇಲೆ, "ಆ ಲಂಗ ಪಕ್ಕದ್ಮನೆ ಸರೋಜಂದು" ಎಂದು ಕಣ್ಣೊರೆಸಿಕೊಂಡರು. ನನಗೂ ಅಳು ಬಂತು.

ವಾಪಸು ಬರುವಾಗ ಬಸ್ಸಿನ ತುಂಬ ಮಾವಿನ ಹಣ್ಣಿನ ವಾಸನೆ. ಶ್ರೀನಿವಾಸಪುರದವನೊಬ್ಬ ಎರಡು ಬುಟ್ಟಿ ಬಾದಾಮಿ ಹಣ್ಣು ಹತ್ತಿಸಿದ್ದ. ಕಂಡಕ್ಟರಿಗೂ, ಹಣ್ಣಿನವನಿಗೂ, ನಿದ್ದೆ ಮಾಡುತ್ತಿದ್ದ ಮುದುಕಿಯನ್ನು ಎಬ್ಬಿಸಿಯೂ ಮುನಿರತ್ನಮ್ಮ ಕಥೆ ಹೇಳಿದರು. ಅತ್ತೆ ಕಿಟಕಿಯಾಚೆ ನೋಡುತ್ತ ಕೂತಿದ್ದರು. ಹಣ್ಣು ಕೊಟ್ಟರೆ ಬೇಡವೆಂದರು. ದಣಿವಿರಬೇಕು ಎಂದುಕೊಂಡೆ.

ಬೈರಕೂರಿನಲ್ಲಿ ಇಳಿದಾಗ ಸಂಜೆಯ ಡೇರಿಗೆ ಹಾಲು ಹಾಕಲು ಜನ ಸೇರಿದ್ದರು. ಯಾರೋ ನಗುತ್ತಲೇ ಕೇಳಿದರು, "ಏನತ್ತೆ, ಸಿಕ್ತಾ ಸಿನಿಮಾ?"

ಮುನಿರತ್ನಮ್ಮ ಮುಂದೆ ನುಗ್ಗಿದರು. "ನಗಬೇಡ್ರಿ. ನಾನು ಕಣ್ಣಾರೆ ನೋಡ್ದೆ. ನಮ್ಮಕ್ಕ ಹೇಳಿದ್ದು ನಿಜ, ಎಲ್ಲಾ ನಿಜ!" ಜನ ನಗು ನಿಲ್ಲಿಸಿ ಅತ್ತೆಯ ಸುತ್ತ ನೆರೆದರು. ಕೈ ಹಿಡಿದರು, ಬೆನ್ನು ತಟ್ಟಿದರು. ಅತ್ತೆ ಒಬ್ಬೊಬ್ಬರ ಕೈಯನ್ನೂ ಬಿಡಿಸಿಕೊಂಡರು.

"ಇವತ್ತು ಆ ಲೈಟು ಆರದೇ ಇದ್ದಿದ್ರೆ ನಾನು ಸುಳ್ಳೀನೇನ್ರೋ?" ಎಂದು ಕೇಳಿದರು. "ಐವತ್ತು ವರ್ಷ ನಾನೇ ಹೇಳ್ದೆ, ನಿಮ್ಗೆ ಸಾಕಾಗ್ಲಿಲ್ಲ. ಆ ಮೋಟಾರು ಕದ್ದೋನ ಹೆಸರು ಹೇಳ್ದೆ, ಅದ್ಕೂ ನಕ್ರಿ. ಅದನ್ಯಾರೂ ಸಿನಿಮಾ ತೆಗೆದಿಲ್ವಲ್ಲ, ಈಗೇನ್ಮಾಡ್ತೀರಿ?"

ಮುನಿರತ್ನಮ್ಮ ತಲೆ ತಗ್ಗಿಸಿದರು. ಅತ್ತೆ ಚೀಲ ಎತ್ತಿಕೊಂಡು ಮನೆಯ ದಾರಿ ಹಿಡಿದರು. ಮುಳಬಾಗಿಲಿಗೆ ವಾಪಸು ಹೊರಟ ಅದೇ ಬಸ್ಸನ್ನು ನಾನು ಹತ್ತಿ ಕಿಟಕಿಯಿಂದ ನೋಡಿದೆ. ತಿರುವಿನಲ್ಲಿ ಅತ್ತೆ ಒಮ್ಮೆ ಕತ್ತು ಹೊರಳಿಸಿ, ಹುಬ್ಬು ಗಂಟಿಕ್ಕಿ, ಡೇರಿಯ ಮುಂದೆ ನಿಂತಿದ್ದ ಅಷ್ಟೂ ಜನರನ್ನು ನೋಡಿದರು.