ಶುಕ್ರವಾರ ಕಟ್ಟದ ಫೋನ್ ಬಿಲ್ಲು

ನಮ್ಮ ಮನೆಯಲ್ಲಿ ಶುಕ್ರವಾರ ದುಡ್ಡು ಆಚೆ ಹೋಗುವಂತಿಲ್ಲ. ಹಾಲಿನವನಿಗೂ ಇಲ್ಲ, ಚೀಟಿಯವಳಿಗೂ ಇಲ್ಲ. ಲಕ್ಷ್ಮಿ ಹೊಸಿಲು ದಾಟಿಬಿಡುತ್ತಾಳೆಂದು ಅಮ್ಮನ ಭಯ. ಕೆಸರೆಯ ಈ ಎರಡು ಕೋಣೆಯೊಳಗೆ ಲಕ್ಷ್ಮಿ ಬಂದು ಕೂತದ್ದನ್ನು ನಾನಂತೂ ಕಂಡಿಲ್ಲ. ಆದರೂ ಅಮ್ಮನ ಮಾತು ಮೀರಿದವಳಲ್ಲ. ಒಂದು ಸಲವಾದರೂ ಮೀರಬೇಕಿತ್ತು.

ಮನೆಯಲ್ಲಿರುವುದು ನಾವಿಬ್ಬರೇ. ನನಗೆ ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸ. ನನಗೊಬ್ಬ ತಮ್ಮನಿದ್ದಾನೆ. ಹತ್ತೊಂಬತ್ತನೇ ವಯಸ್ಸಿನಲ್ಲಿ ಅಪ್ಪನ ಜೊತೆ ಜಗಳವಾಡಿ, ತಟ್ಟೆಯ ಮುಂದಿನಿಂದ ಎದ್ದು ಹೋದವನು ತಿರುಗಿ ಬರಲಿಲ್ಲ. ಆಗ ನಮ್ಮಲ್ಲಿ ಯಾರ ಬಳಿಯೂ ಮೊಬೈಲ್ ಇರಲಿಲ್ಲ. ಅವನಿಗೆ ಬಾಯಿಪಾಠವಿದ್ದದ್ದು ಲ್ಯಾಂಡ್‌ಲೈನ್ ನಂಬರೊಂದೇ. ಅಪ್ಪ ತೀರಿಹೋದಮೇಲೆ ಹಳೇ ಬಾಡಿಗೆ ಮನೆ ಬಿಟ್ಟೆವು. ನಂಬರನ್ನು ಮಾತ್ರ ಕೈಕಾಲು ಹಿಡಿದು ಇಲ್ಲಿಗೆ ತಂದೆವು.

ಯಾಕೆಂದರೆ ಅವನು ಫೋನ್ ಮಾಡುತ್ತಿದ್ದ. ವರ್ಷಕ್ಕೊಂದೇ ಸಲ, ಗೌರಿಹಬ್ಬದ ಬೆಳಿಗ್ಗೆ. ಅಕ್ಕತಂಗಿಯರಿಗೆ ತವರಿನಿಂದ ಬಾಗಿನ ಕೊಡುವ ದಿನವಲ್ಲವೇ, ಅಕ್ಕನ ನೆನಪಾಗುತ್ತಿತ್ತೇನೋ. ಮಾತಾಡುತ್ತಿರಲಿಲ್ಲ. ಅಮ್ಮ “ಉಂಡ್ಯಾ ಮಗಾ?” ಎಂದು ಶುರುಮಾಡಿದರೆ ತನ್ನ ಮಂಡಿನೋವಿನಿಂದ ಅವರೆಕಾಯಿ ಬೆಲೆಯವರೆಗೆ ಎಲ್ಲ ಹೇಳುವಳು, ಅವನು ಕೇಳಿಸಿಕೊಳ್ಳುವನು. ನಾನು ಕಿತ್ತುಕೊಂಡು ಮೊಬೈಲ್ ನಂಬರು ಹೇಳಹೊರಟರೆ ಲೈನ್ ಕಟ್. ನೀನೇ ಹೇಳಮ್ಮ ಎಂದು ಆ ಹತ್ತು ಅಂಕಿಗಳನ್ನು ಅಮ್ಮನಿಗೆ ಎಷ್ಟು ಸಲ ಕಲಿಸಿದೆನೋ. ಆ ಹೊತ್ತಿಗೆ ಸರಿಯಾಗಿ ಮರೆತು ಉಂಡ್ಯಾ ಎನ್ನುವಳು. ಒಂದೇ ಒಂದು ವರ್ಷ, ನಾನು ಬೈಯುತ್ತಿದ್ದಾಗ, “ಅಕ್ಕಾ” ಎಂದು ಇಟ್ಟುಬಿಟ್ಟ.

ಶಿಫ್ಟಿನ ಗಡಿಬಿಡಿಯಲ್ಲಿ ಬಿಲ್ಲು ಮರೆಯಬಾರದೆಂದು, ನನ್ನ ಖಾತೆಯಿಂದ ಪ್ರತಿ ತಿಂಗಳು ತಾನಾಗಿ ಹಣ ಹೋಗುವಂತೆ ಮಾಡಿಸಿದ್ದೆ. ಜಂಬದಿಂದ ಅಮ್ಮನಿಗೂ ಹೇಳಿದೆ. ಅಲ್ಲಿ ಕೆಟ್ಟಿತು.

“ಶುಕ್ರವಾರಾನೂ ಓಯ್ತದಾ?”

“ಅದಕ್ಕೆ ವಾರಗೀರ ಗೊತ್ತಾಗಲ್ಲ ಕಣಮ್ಮ.”

“ನಿಂಗೆ ಗೊತ್ತಾಗ್ತದಲ್ಲ?”

ಮುಂದಿನ ತಿಂಗಳ ತಾರೀಖು ಶುಕ್ರವಾರಕ್ಕೇ ಬಿತ್ತು. ಅಮ್ಮ ಎರಡು ದಿನ ಮುಖ ಊದಿಸಿಕೊಂಡಿದ್ದಳು. ಗುರುವಾರ ಸಂಜೆ ಖಾತೆಯಲ್ಲಿದ್ದುದನ್ನೆಲ್ಲ ತೆಗೆದೆ. ಶನಿವಾರ ವಾಪಸ್ ಹಾಕಿದರಾಯಿತು, ಲಕ್ಷ್ಮಿಯೂ ಉಳಿದಳು, ಫೋನೂ ಉಳಿಯಿತು ಎಂದುಕೊಂಡೆ. ಹಣವಿಲ್ಲದೆ ಪಾವತಿ ವಾಪಸ್ಸಾಯಿತೆಂದು ಬ್ಯಾಂಕು ಒಂದು ದಂಡ ಹಾಕಿತು, ಫೋನಿನವರು ಇನ್ನೊಂದು. ಬಿಲ್ಲಿಗಿಂತ ದಂಡವೇ ದೊಡ್ಡದು. ಕೆಲವು ತಿಂಗಳ ನಂತರ ಮತ್ತೊಂದು ಶುಕ್ರವಾರ, ಮತ್ತೆ ಅದೇ ಕತೆ.

ನನಗೆ ಮೈಯೆಲ್ಲ ಉರಿದುಹೋಯಿತು. ಬ್ಯಾಂಕಿನ ಹೆಣ್ಣುಮಗಳು ಸಮಾಧಾನವಾಗಿಯೇ ಹೇಳಿದಳು: “ಬೇರೆ ಖಾತೆಯಿಂದ ಹೋಗೋ ಹಾಗೆ ಮಾಡಿಸಿ ಮೇಡಂ, ಅಮ್ಮಂಗೆ ಹೇಳ್ಬೇಡಿ. ಕೋಪದಲ್ಲಿ ತೆಗೆಸ್ಬೇಡಿ.” ಕೇಳುವ ಸ್ಥಿತಿಯಲ್ಲಿ ನಾನಿದ್ದೆನೇ? ತಾನಾಗಿ ಹಣ ಹೋಗುವುದನ್ನು ತೆಗೆಸಿಯೇ ಬಂದೆ. ನನ್ನ ಕೈಯಿಂದ ನಾನೇ ಕಟ್ಟುತ್ತೇನೆ, ಯಾರ ದಂಡವೂ ಬೇಡ ಎಂದೆ.

ಎರಡು ತಿಂಗಳು ಕಟ್ಟಿದೆ. ಆಮೇಲೆ ಅಮ್ಮನ ಕಣ್ಣಿನ ಆಪರೇಷನ್, ನನಗೆ ಶಿಫ್ಟ್ ಬದಲಾವಣೆ. ಬಿಲ್ಲಿನ ಮೆಸೇಜುಗಳು ಸಾಲ ಕೊಡುತ್ತೇವೆನ್ನುವ ಮೆಸೇಜುಗಳ ನಡುವೆ ಎಲ್ಲೋ ಬಂದು ಹೋದವು. ವರ್ಷಕ್ಕೊಂದು ಸಲ ಹೊಡೆದುಕೊಳ್ಳುವ ಫೋನು ಸತ್ತಿದೆಯೆಂದು ಯಾರಿಗೆ ತಿಳಿಯಬೇಕು? ಗೌರಿಹಬ್ಬಕ್ಕೆ ವಾರವಿರುವಾಗ ಧೂಳು ಒರೆಸುತ್ತ ಅಮ್ಮ ಎತ್ತಿ ಕಿವಿಗಿಟ್ಟಳು. “ಸದ್ದೇ ಇಲ್ವಲ್ಲವ್ವಾ” ಎಂದಳು.

ಅರ್ಧ ದಿನ ರಜೆ ಹಾಕಿ ಫೋನ್ ಆಫೀಸಿಗೆ ಓಡಿದೆ. ಬಾಕಿ, ದಂಡ ಎಲ್ಲ ಕಟ್ಟುತ್ತೇನೆ, ನಂಬರು ಕೊಡಿ ಎಂದು ಗೋಗರೆದೆ. ಲೈನು ಪೂರ್ತಿ ರದ್ದಾಗಿದೆ, ನಿಮ್ಮ ಬೀದಿಗೆ ಬರುತ್ತಿದ್ದ ಹಳೇ ಕೇಬಲ್ಲನ್ನೂ ತೆಗೆದಾಗಿದೆ, ಕೊಟ್ಟರೆ ಹೊಸ ನಂಬರೇ ಎಂದರು. “ಈ ಕಾಲದಲ್ಲಿ ಲ್ಯಾಂಡ್‌ಲೈನಿಗೆ ಯಾರು ಮಾಡ್ತಾರೆ ಬುಡಿ ಮೇಡಂ” ಎಂದು ಅಲ್ಲಿಯ ಹಿರಿಯರೊಬ್ಬರು ನಕ್ಕರು. ಅವರ ತಪ್ಪಿಲ್ಲ. ಮೆಟ್ಟಿಲ ಮೇಲೆ ಕೂತು ನಾಚಿಕೆ ಬಿಟ್ಟು ಅತ್ತೆ.

ಹಬ್ಬದ ದಿನ ಅಮ್ಮ ಗೌರಿಗೆ ಆರತಿ ಎತ್ತಿ, ಹೊಸ ಸೀರೆಯಲ್ಲಿ ಫೋನಿನ ಪಕ್ಕವೇ ಕೂತಳು. ಎಲ್ಲ ಹೇಳಿದ್ದರೂ ಕೂತಳು. ತಡೆಯಲಾರದೆ ನನ್ನ ಮೊಬೈಲಿನಿಂದ ನಮ್ಮ ನಂಬರಿಗೆ ನಾನೇ ಫೋನ್ ಮಾಡಿದೆ. ನೀವು ಕರೆ ಮಾಡಿದ ಸಂಖ್ಯೆ ಅಸ್ತಿತ್ವದಲ್ಲಿಲ್ಲ ಎಂದು ಒಬ್ಬಳು ಇಂಪಾಗಿ ಹೇಳಿದಳು. ಅಮ್ಮನೂ ಕೇಳಿಸಿಕೊಂಡಳು.

“ಅವ್ನಿಗೂ ಇಂಗೇ ಯೋಳ್ತಾಳಾ?”

ಹ್ಞೂಂ ಎಂದೆ.

ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ಕೇಳಿದಳು: “ನಾನು ಸತ್ತೋದೆ ಅನ್ಕೊಂಬುಡ್ತಾನಲ್ಲವ್ವಾ. ಅಲ್ಲಿ ಒಬ್ನೇ ಅಳ್ತಾ ಕೂತ್ರೆ, ಸುಮ್ಕಿರು ಮಗಾ ಅನ್ನಕೆ ಯಾರವ್ರೆ ಅವ್ನಿಗೆ?”