ಒಂದು ತಟ್ಟೆ ಹೆಚ್ಚಿಗೆ

ಒಬ್ಬನೇ ಕೂತು ಊಟ ಮಾಡುವ ವಿದ್ಯೆ ನನಗೆ ಕಡೆಗೂ ಹತ್ತಲಿಲ್ಲ. ಮಗಳ ಬಾಣಂತನಕ್ಕೆಂದು ಉಡುಪಿಗೆ ಹೋದ ನನ್ನ ಹೆಂಡತಿ ಸುಮತಿ, ಕೊರೋನಾ ಬಂದು ವಿಮಾನಗಳು ನಿಂತದ್ದರಿಂದ ಅಲ್ಲೇ ಉಳಿದಳು. ಮಲೇಷ್ಯಾದ ಸುಬಾಂಗ್ ಜಯಾದ ಫ್ಲ್ಯಾಟಿನಲ್ಲಿ ಉಳಿದದ್ದು ನಾನು ಮತ್ತು ಆಗಾಗ ತಳ ಹಿಡಿಯುವ ಕುಕ್ಕರು. ಮಾಮಕ್ ಊಟದಂಗಡಿಯಿಂದ ತಪಾವ್, ಅಂದರೆ ಪಾರ್ಸೆಲ್, ಮಾಡಿಸಿ ತಂದ ಪೊಟ್ಟಣವನ್ನು ಸಿಂಕಿನ ಮುಂದೆ ನಿಂತೇ ಮುಗಿಸುತ್ತಿದ್ದೆ. ಮೇಜಿನ ಮೇಲೆ ತಟ್ಟೆ ಇಟ್ಟರೆ ಎದುರಿನ ಖಾಲಿ ಕುರ್ಚಿಯನ್ನು ನೋಡಬೇಕಲ್ಲ! ಗಡಿಬಿಡಿಯಲ್ಲಿ ನಿಂತು ಉಣ್ಣಬೇಡಿ ಎಂದು ಮೆಡಿಕಲ್ ಕಾಲೇಜಿನ ಹುಡುಗರಿಗೆ ಆನ್‌ಲೈನ್ ಪಾಠದಲ್ಲಿ ಬುದ್ಧಿ ಹೇಳುತ್ತಿದ್ದ ಮೇಷ್ಟ್ರೂ ನಾನೇ.

ಎದುರು ಮನೆಯವರು ಸ್ಲೊವಾಕಿಯಾದವರು. ಮಾರೆಕ್‌ಗೆ ಕ್ಲಾಂಗ್ ಬಂದರಿನಲ್ಲಿ ಕ್ರೇನುಗಳ ಉಸ್ತುವಾರಿ. ಹೆಂಡತಿ ಯಾನಾ ನನ್ನ ಮಗಳ ವಯಸ್ಸಿನವಳು. ಅವರ ಪುಟ್ಟ ಮಗಳು ಜುಜಾನಾ. ಇಲ್ಲಿ ಮರದ ಬಾಗಿಲಿನ ಹೊರಗೊಂದು ಕಬ್ಬಿಣದ ಗ್ರಿಲ್ ಇರುತ್ತದೆ. ಲಾಕ್‌ಡೌನಿನಲ್ಲಿ ನಾನೂ ಜುಜಾನಾಳೂ ಬಾಗಿಲು ತೆರೆದಿಟ್ಟು, ನಮ್ಮ ನಮ್ಮ ಗ್ರಿಲ್ಲಿನ ಒಳಗೇ ಕೂತು ಮಾತಾಡುತ್ತಿದ್ದೆವು, ಎದುರುಬದುರು ಬೋನಿನ ಎರಡು ಪ್ರಾಣಿಗಳ ಹಾಗೆ. "ಅಂಕಲ್, ಮಕಾನ್ ಆಲ್ರೆಡಿ?" ಎಂದು ದಿನಾ ವಿಚಾರಿಸುವಳು. ಊಟವಾಯಿತೇ ಎಂದು ಮುಖ ನೋಡಿ ಕೇಳಲು ಆಗ ನನಗಿದ್ದವಳು ಅವಳೊಬ್ಬಳೇ.

ಅವಳ ಅಜ್ಜಿ ಇದ್ದದ್ದು ಟ್ಯಾಬಿನೊಳಗೆ. ಅಜ್ಜಿ ಸ್ಲೊವಾಕ್ ಭಾಷೆಯಲ್ಲಿ ಕೇಳಿದ್ದೆಲ್ಲ ಮಗುವಿಗೆ ಅರ್ಥವಾಗುತ್ತಿತ್ತು. ಉತ್ತರ ಮಾತ್ರ ಇಲ್ಲಿನವರ ಇಂಗ್ಲಿಷಿನಲ್ಲಿ, "ಕ್ಯಾನ್ ಲಾ", "ಡೋಂಟ್ ವಾಂಟ್ ಲಾ". ನಡುವೆ ಯಾನಾ ದುಭಾಷಿ. ನನಗೆ ಇದು ಹೊಸದಲ್ಲ. ನನ್ನ ಮಗಳೂ ಇಲ್ಲಿ ಹೀಗೇ ಬೆಳೆದವಳು. ಕನ್ನಡದಲ್ಲಿ ಬೈದರೆ ಇಂಗ್ಲಿಷಿನಲ್ಲಿ ಮುನಿಸಿಕೊಳ್ಳುತ್ತಿದ್ದಳು. ಪರದೇಶದಲ್ಲಿ ಬೆಳೆಯುವ ಮಕ್ಕಳಿಗೆ ಅಜ್ಜಿಯ ಪ್ರೀತಿ ಸಿಗುತ್ತದೆ, ಮಡಿಲು ಸಿಗುವುದಿಲ್ಲ. ಮಗಳು ಚಿಕ್ಕವಳಿದ್ದಾಗ ಇದು ನನಗೆ ಹೊಳೆದಿರಲಿಲ್ಲ.

ಕ್ರಿಸ್‌ಮಸ್ಸಿನ ಹಿಂದಿನ ಸಂಜೆ ಅವರ ಮನೆಯಲ್ಲಿ ದೊಡ್ಡ ಊಟ. ಗ್ರಿಲ್ಲಿನಾಚೆ ಬಿಳಿ ಬಟ್ಟೆ ಹಾಸಿದ ಮೇಜು ಕಾಣುತ್ತಿತ್ತು. ಮನೆಯಲ್ಲಿ ಮೂವರು, ತಟ್ಟೆ ನಾಲ್ಕು. ನಾಲ್ಕನೆಯದರ ಮುಂದೆ ಖಾಲಿ ಕುರ್ಚಿ, ಪಕ್ಕದಲ್ಲಿ ಮೇಣದಬತ್ತಿ. ನನಗೆ ತಕ್ಷಣ ಅರ್ಥವಾಗಿಬಿಟ್ಟಿತು. ಅರ್ಥ ಮಾಡಿಕೊಳ್ಳುವುದರಲ್ಲಿ ಮೇಷ್ಟ್ರುಗಳು ಯಾವಾಗಲೂ ಒಂದು ಹೆಜ್ಜೆ ಮುಂದೆ. ನಮ್ಮ ಕರಾವಳಿಯಲ್ಲಿ ತೀರಿಹೋದವರಿಗೆ ಎಲೆ ಹಾಕಿ ಬಡಿಸಿ, ಬಾಗಿಲೆಳೆದು, ಸ್ವಲ್ಪ ಹೊತ್ತು ಹೊರಗೆ ಸುಮ್ಮನೆ ನಿಲ್ಲುತ್ತೇವೆ. ಅವರು ಉಣ್ಣುವುದನ್ನು ನಾವು ನೋಡಬಾರದು. ಪಾಪ, ಇವರಲ್ಲೂ ಯಾರೋ ಹೋಗಿದ್ದಾರೆ ಎಂದುಕೊಂಡೆ. ಜುಜಾನಾ ತನ್ನ ಜಾಗದಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಳು. ನಾನು ಆ ತಟ್ಟೆಗೆ ಕೈಮುಗಿದು, ಸದ್ದಾಗದ ಹಾಗೆ ನಮ್ಮ ಬಾಗಿಲು ಮುಚ್ಚಿಕೊಂಡೆ. ಒಳ್ಳೆಯ ಕೆಲಸ ಮಾಡಿದ ಸಮಾಧಾನದಲ್ಲಿ ಸಿಂಕಿನ ಮುಂದೆ ನಿಂತು ಮೊಸರನ್ನ ತಿಂದೆ.

ಮರುದಿನ ಎದುರು ಬಾಗಿಲು ತೆರೆಯಲಿಲ್ಲ. ಊಟವಾಯಿತೇ ಎಂದು ಯಾರೂ ಕೇಳಲಿಲ್ಲ. ಮಧ್ಯಾಹ್ನ ಯಾನಾ ಗ್ರಿಲ್ಲಿನ ಬಳಿ ಕಾಣಿಸಿದಾಗ, "ಯಾರು ತೀರಿಹೋದದ್ದಮ್ಮಾ?" ಎಂದು ಮೆಲ್ಲಗೆ ಕೇಳಿದೆ.

ಅವಳು ಬೆಚ್ಚಿದಳು. "ಯಾರೂ ಇಲ್ವಲ್ಲಾ! ಆ ತಟ್ಟೆ ಹೇಳದೆ ಬರೋರಿಗೆ, ಸರ್. ನಮ್ಮ ಕಡೆ ಎಲ್ರೂ ಇಡ್ತಾರೆ. ಊರಲ್ಲಿ ಯಾರಾದ್ರೂ ಒಬ್ರು ಬಂದೇ ಬರೋರು. ಈ ದೇಶಕ್ಕೆ ಬಂದ್ಮೇಲೆ ಒಬ್ರೂ ಬಂದಿಲ್ಲ. ಈಗ ಯಾರೂ ಬರೋ ಹಾಗಿಲ್ಲ ಅಂದ್ರೂ ಕೇಳದೆ, ಅಂಕಲ್ ಬರ್ತಾರೆ ಅಂತ ಜುಜಾನಾ ಕಾಯ್ತಾ ಇದ್ಲು. ನೀವು ಬಾಗಿಲು ಹಾಕ್ಕೊಂಡ್ರಿ."

ಆ ವರ್ಷ ಹೇಳದೆ ಕೇಳದೆ ಬರುವ ನೆಂಟರೆಂಬ ಜಾತಿಯೇ ನಿರ್ನಾಮವಾಗಿತ್ತು. ಬಂದವರೆಲ್ಲ ಲಿಂಕು ಕಳಿಸಿ, ಹೊತ್ತು ಗೊತ್ತುಮಾಡಿ ಪರದೆಯ ಮೇಲೆ ಬಂದವರು. ಅಂಥದ್ದರಲ್ಲಿ ಹಸಿದುಕೊಂಡು ಎದುರಿಗೇ ನಿಂತಿದ್ದ ನನಗೆಂದು ಒಂದು ಮಗು ಇಟ್ಟ ತಟ್ಟೆಯನ್ನು ನಾನು ಸತ್ತವರ ಪಾಲು ಮಾಡಿದ್ದೆ.

ಆ ಸಂಜೆ ನಮ್ಮ ಹೊಸ್ತಿಲ ಒಳಗೆ ಸ್ಟೂಲು ಹಾಕಿ ಕೂತೆ. ಯಾನಾ ಅದೇ ತಟ್ಟೆಯನ್ನು ತಂದು ನನ್ನ ಗ್ರಿಲ್ಲಿನ ಮುಂದಿಟ್ಟು ಹಿಂದೆ ಸರಿದಳು. ಅಣಬೆ ಹಾಕಿದ ಕೋಸಿನ ಹುಳಿ ಸಾರು. ಹಪ್ಪಳದಂಥ ತೆಳು ಬಿಲ್ಲೆಗೆ ಜೇನು ಮತ್ತು ಬೆಳ್ಳುಳ್ಳಿ. ಜೇನಿಗೆ ಬೆಳ್ಳುಳ್ಳಿ ಸೇರಿಸಿದವರ ಧೈರ್ಯವನ್ನು ಮೆಚ್ಚಬೇಕು. ಜುಜಾನಾ ಮುಖ ಊದಿಸಿಕೊಂಡೇ ಬಂದು ತನ್ನ ಗ್ರಿಲ್ಲಿನ ಹಿಂದೆ ಕೂತಳು. ನಾನು ತಟ್ಟೆ ಬಳಿದು ಮುಗಿಸುವ ತನಕ ಕಣ್ಣು ತೆಗೆಯಲಿಲ್ಲ. ಆಮೇಲೆ ಒಳಗೆ ಓಡಿ, ಟ್ಯಾಬಿನ ಅಜ್ಜಿಗೆ ಸ್ಲೊವಾಕಿನಲ್ಲಿ ಏನೋ ಕೂಗಿ ಹೇಳಿದಳು.

"ಏನಂತೆ?" ಎಂದೆ.

"ಬಂದ್ರು, ಅಂತ," ಎಂದಳು ಯಾನಾ.

ಈಗ ಅವರು ಬೇರೆ ಯಾವುದೋ ಬಂದರಿನ ಊರಿಗೆ ಹೋಗಿದ್ದಾರೆ. ಎದುರು ಮನೆಗೆ ಬೀಗ. ಸುಮತಿ ವಾಪಸು ಬಂದಿದ್ದಾಳೆ. ನಾನು ಕೂತೇ ಉಣ್ಣುತ್ತೇನೆ. ಮೊನ್ನೆ ಊಟಕ್ಕೆ ಮೂರು ತಟ್ಟೆ ಇಟ್ಟೆ. ಅವಳು ಅದನ್ನು ನೋಡಿ, "ಇದು ಯಾರಿಗೆ? ಅತ್ತೆಗಾ?" ಎಂದು ತಗ್ಗಿದ ದನಿಯಲ್ಲಿ ಕೇಳಿ, ಸೆರಗು ಸರಿಮಾಡಿಕೊಂಡು ಬಾಗಿಲು ಮುಚ್ಚಲು ಹೊರಟಳು.

"ಮುಚ್ಚಬೇಡ ಮಾರಾಯ್ತಿ," ಎಂದೆ. "ಅದು ಬದುಕಿರುವವರಿಗೆ."