ಸೊನ್ನೆ ಯೂನಿಟ್ಟಿನ ಮನೆ

ಬೈಲಹೊಂಗಲದಲ್ಲಿ ಲಗಮಣ್ಣನನ್ನು ಎಲ್ಲರೂ ‘ಬಿಲ್ಲಿನ ಲಗಮಣ್ಣ’ ಎಂದೇ ಕರೆಯುತ್ತಾರೆ. ಹನ್ನೆರಡು ವರ್ಷದಿಂದ ಗುತ್ತಿಗೆಯ ಮೇಲೆ ಕರೆಂಟಿನ ಮೀಟರ್ ಓದುತ್ತಾನೆ. ದಿನಕ್ಕೆ ಸುಮಾರು ನೂರೆಂಬತ್ತು ಬಾಗಿಲು. ಕೈಯಲ್ಲಿನ ಯಂತ್ರ ಬಿಲ್ಲು ಹೊರಹಾಕುತ್ತದೆ, ಮನೆಯಲ್ಲಿ ಯಾರಾದರೂ ಇದ್ದರೆ ಕೊಡುತ್ತಾನೆ, ಇಲ್ಲದಿದ್ದರೆ ಬಾಗಿಲಿನ ಸಂದಿಗೆ ಸಿಕ್ಕಿಸುತ್ತಾನೆ.

ಸಿಕ್ಕಿಸಿದ ಬಿಲ್ಲು ಮುಂದಿನ ತಿಂಗಳೂ ಅಲ್ಲೇ ಇರುವ ಮನೆಗಳು ಅವನಲ್ಲಿ ಕುತೂಹಲ ಹುಟ್ಟಿಸಿದವು. ಊರಿನಲ್ಲಿ ಒಂದು ನಿವೇಶನ ಕೊಳ್ಳುವುದು ಸಂಬಳದ ಜನರಿಗೆ ಆಗದ ಮಾತಾಗಿದೆ. ಬೆಳಗಾವಿಯ ದರ ಇಲ್ಲಿಗೂ ಬಂದಿದೆ. ಹಾಗಿದ್ದೂ ಇಷ್ಟು ಮನೆಗಳಿಗೆ ಬೀಗ ಏಕೆ? ಅವನು ಪಟ್ಟಿ ಮಾಡಿದ. ವರ್ಷದಲ್ಲಿ ಹನ್ನೊಂದು ತಿಂಗಳಾದರೂ ಸೊನ್ನೆ ಯೂನಿಟ್ ತೋರಿಸಿದವು ನಲವತ್ತೊಂದು. ಅದರಲ್ಲಿ ಮೀಟರ್ ಕೆಟ್ಟವು, ಕೋರ್ಟಿನಲ್ಲಿದ್ದವು, ದೀಪಾವಳಿಗೆ ಬಂದು ಹೋಗುವವರದು, ಇವೆಲ್ಲ ತೆಗೆದರೆ ಉಳಿದವು ಏಳು.

ಬಂಡವಾಳವಿಲ್ಲದೆ ಮನೆ ಮಾರುವ ದಾರಿಯನ್ನು ಅವನು ಮೊಬೈಲಿನಲ್ಲಿ ನೋಡಿ ತಿಳಿದಿದ್ದ. ಮಾಲೀಕನ ಜೊತೆ ದರ ಮಾತಾಡಿ ಸಂಚಕಾರ, ಅಂದರೆ ಮುಂಗಡ, ಕೊಡಬೇಕು. ಕರಾರು ಪತ್ರದಲ್ಲಿ ‘ನನ್ನ ಅಥವಾ ನಾನು ಹೇಳಿದವರ ಹೆಸರಿಗೆ ಖರೇದಿ ಮಾಡಿಕೊಡತಕ್ಕದ್ದು’ ಎಂದು ಬರೆಸಬೇಕು. ಗಡುವಿನೊಳಗೆ ಕೊಳ್ಳುವವರನ್ನು ಹುಡುಕಿ ಆ ಕರಾರನ್ನು ಅವರಿಗೆ ದಾಟಿಸಿದರೆ ನಡುವಿನ ಲಾಭ ತನ್ನದು. ಸಿಗದಿದ್ದರೆ ಸಂಚಕಾರ ಹೋಯಿತು.

ಏಳರಲ್ಲಿ ಅವನು ಆರಿಸಿದ್ದು ಹತ್ತಿ ಗಿರಣಿಯ ಹಿಂದಿನ ಓಣಿಯ ಮಾಳಿಗೆ ಮನೆ. ಮಾಲೀಕ ಬಸಲಿಂಗಪ್ಪ ರಾಮದುರ್ಗದಲ್ಲಿ ಸೀರೆ ವ್ಯಾಪಾರಿ. ಈ ಕಡೆ ಬಾರದೆ ನಾಲ್ಕು ವರ್ಷವಾಗಿತ್ತು. ಕೀಲಿ ನೆರೆಮನೆಯಲ್ಲಿದೆ, ಬೇಕಾದರೆ ನೋಡಿ ಎಂದಿದ್ದ. ಕೊಂಡವರು ಹೇಗೂ ಕೆಡವುತ್ತಾರೆಂದು ಲಗಮಣ್ಣ ಒಳಗೆ ಹೋಗಲಿಲ್ಲ. ಹೊರಗೋಡೆಯನ್ನು ಟೇಪು ಹಿಡಿದು ಎರಡು ಸಲ ಅಳೆದ. ದರ ಇಪ್ಪತ್ತೆರಡು ಲಕ್ಷಕ್ಕೆ ನಿಂತಿತು. ಇದ್ದ ಉಳಿತಾಯಕ್ಕೆ ಸ್ಕೂಟರ್ ಮಾರಿದ ಹಣ ಸೇರಿಸಿ ಒಂದು ಲಕ್ಷ ಸಂಚಕಾರ ಕೊಟ್ಟ. ಗಡುವು ಅರವತ್ತು ದಿನ.

ಹೆಂಡತಿ ಮಾಲಾ ಬೇಡ ಅನ್ನಲಿಲ್ಲ. “ಬಾಗಲಾ ತಗದ ನೋಡದ ಮನಿಗೆ ಲಕ್ಷ ರೂಪಾಯಿ ಕೊಟ್ಟ ಬಂದೀರಿ. ನನ್ನ ನೋಡಾಕ ಮೂರ ಸಲ ಬಂದಿದ್ರಿ,” ಎಂದಷ್ಟೇ ಅಂದಳು.

ಮೂವತ್ತೇಳನೆಯ ದಿನ ಔಷಧ ಅಂಗಡಿಯ ಕಾಂತೇಶ ಮನೆ ನೋಡಲು ಒಪ್ಪಿದ. ಅಂಗಡಿ ತೆರೆಯುವ ಮುಂಚೆ, ಬೆಳಿಗ್ಗೆ ಎಂಟಕ್ಕೆ ಬರುತ್ತೇನೆ ಎಂದ. ಇಬ್ಬರೂ ಓಣಿಗೆ ಹೋದಾಗ ಬೀಗ ತೆಗೆದಿತ್ತು. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು, ಒಂದಲ್ಲ, ಹಲವು ಕೈಗಳದು. ಬೆಳಕಿಂಡಿಯಿಂದ ಇಳಿದ ಬಿಸಿಲಿನಲ್ಲಿ ಏಳು ಜನ ಹೆಂಗಸರು ಸಾಲಾಗಿ ಕುಳಿತಿದ್ದರು. ನಡುವೆ ಕಟ್ಟಿಗೆ ಒಲೆಗಳು.

ಅವರಲ್ಲಿ ಹಿರಿಯಳಾದ ರಾಚವ್ವ ನೆರೆಮನೆಯವಳು, ಕೀಲಿ ಇಟ್ಟುಕೊಂಡವಳು. ಮನೆ ಆಗಾಗ ತೆಗೆದು ಕಸ ಹೊಡೆಯಲು ಬಸಲಿಂಗಪ್ಪ ಹೇಳಿ ಹೋಗಿದ್ದ. ಅಷ್ಟು ದೊಡ್ಡ ಪಡಸಾಲೆ ಸುಮ್ಮನೆ ಬಿದ್ದಿದೆಯಲ್ಲ ಎಂದು ಅವಳು ಒಂದು ಒಲೆ ಹೂಡಿದಳು. ಆಮೇಲೆ ಓಣಿಯವರು ಸೇರಿ ಸಂಘವಾಯಿತು. ಬೆಳಕು ಹರಿದಾಗ ಶುರು, ಹತ್ತೂವರೆಗೆ ಮುಗಿದು ಬೀಗ. ರೊಟ್ಟಿ ಬೆಳಗಾವಿಯ ಖಾನಾವಳಿಗಳಿಗೆ ಹೋಗುತ್ತಿತ್ತು. ದೀಪ ಹಾಕುವ ಪ್ರಸಂಗವೇ ಬರಲಿಲ್ಲ. ಲಗಮಣ್ಣನ ಸರದಿಯಲ್ಲಿ ಆ ಓಣಿ ಬರುತ್ತಿದ್ದುದು ಮಧ್ಯಾಹ್ನ ಎರಡರ ನಂತರ. ಬಾಗಿಲು ತೆಗೆದಾಗ ಬಿದ್ದ ಬಿಲ್ಲನ್ನು ರಾಚವ್ವ ಬೀಗ ಹಾಕುವಾಗ ಮತ್ತೆ ಸಂದಿಗೇ ಸಿಕ್ಕಿಸುತ್ತಿದ್ದಳು. ಅದು ಮಾಲೀಕರ ಕಾಗದ, ಮಾಲೀಕರೇ ಫೋನಿನಲ್ಲಿ ಕಟ್ಟುತ್ತಾರೆ ಎಂಬುದು ಅವಳ ಲೆಕ್ಕ.

ಕಾಂತೇಶ ಹೊಸ್ತಿಲಿನಿಂದಲೇ ಹಿಂತಿರುಗಿದ. ಮಂದಿ ಇರುವ ಮನೆ ಕೊಂಡು ಕೋರ್ಟಿಗೆ ಅಲೆಯುವವ ತಾನಲ್ಲ ಎಂದ.

ಉಳಿದದ್ದು ಇಪ್ಪತ್ಮೂರು ದಿನ. ಬಸಲಿಂಗಪ್ಪನಿಗೆ ಹೇಳಿದರೆ ಒಂದೇ ಫೋನಿಗೆ ಮನೆ ಖಾಲಿಯಾಗುತ್ತಿತ್ತು. ರಾಚವ್ವನ ಬಳಿ ಬಾಡಿಗೆಯ ಚೀಟಿಯೂ ಇರಲಿಲ್ಲ. ಲಗಮಣ್ಣ ಫೋನ್ ಮಾಡಲಿಲ್ಲ. ಮೂರು ದಿನ ಬೆಳಿಗ್ಗೆ ಹೋಗಿ ಕಟ್ಟೆಯ ಮೇಲೆ ಕುಳಿತು ರೊಟ್ಟಿ ಎಣಿಸಿದ. ದಿನಕ್ಕೆ ಸಾವಿರದ ಮುನ್ನೂರಕ್ಕೆ ಕಡಿಮೆ ಇರಲಿಲ್ಲ. ಮೂರನೆಯ ದಿನ ಕರಾರು, ಗಡುವು ಎಲ್ಲವನ್ನೂ ಅವರಿಗೆ ಹೇಳಿಬಿಟ್ಟ.

ಬಡಿಯುವ ಕೈಗಳು ನಿಂತವು. ರಾಚವ್ವ ಕಾಗದ ತೋರಿಸು ಎಂದಳು. ಅವಳ ಸೊಸೆ ಅನ್ನಪೂರ್ಣಾ ಹಿಟ್ಟಿನ ಕೈ ಒರೆಸಿಕೊಂಡು ನಿಧಾನವಾಗಿ ಓದಿದಳು. ಒಂದು ಸಾಲಿಗೆ ಬಂದು ನಿಂತಳು.

“ನೀವು ಹೇಳಿದವ್ರು ಅಂದ್ರ, ಯಾರಾದ್ರೂ ನಡೀತದೇನ್ರಿ?”

“ನಡೀತದವಾ.”

“ನಾವೂ?”

ಲಗಮಣ್ಣನ ಪಟ್ಟಿಯಲ್ಲಿ ಡಾಕ್ಟರು, ಮಾಸ್ತರು, ಗುತ್ತಿಗೆದಾರರು ಎಂದು ಹತ್ತೊಂಬತ್ತು ಹೆಸರಿದ್ದವು. ಇದಿರಲಿಲ್ಲ.

ಸಂಘದ ಉಳಿತಾಯ ಇತ್ತು, ಉಳಿದದ್ದಕ್ಕೆ ಬ್ಯಾಂಕು. ಆದರೆ ಈ ವಿಳಾಸದಲ್ಲಿ ನಾಲ್ಕು ವರ್ಷದಿಂದ ವ್ಯವಹಾರ ನಡೆದಿದೆ ಎಂಬುದಕ್ಕೆ ಪುರಾವೆ ಕೊಡಿ, ಕರೆಂಟ್ ಬಿಲ್ಲಾದರೂ ಆದೀತು ಎಂದರು ಬ್ಯಾಂಕಿನವರು. ಆ ಬಿಲ್ಲುಗಳನ್ನೆಲ್ಲ ತೆಗೆದವನೇ ಲಗಮಣ್ಣ, ಎಲ್ಲದರಲ್ಲೂ ಸೊನ್ನೆ. ಅವನು ಓಣಿಯ ಹಿಟ್ಟಿನ ಗಿರಣಿಗೆ ಹೋದ. ರಾಚವ್ವನ ಹೆಸರಿನಲ್ಲಿ ದಿನವೂ ಬೀಸಿದ ಜೋಳದ ತೂಕ ಅಲ್ಲಿನ ಲೆಕ್ಕದ ವಹಿಯಲ್ಲಿತ್ತು. ಅದನ್ನೂ ಖಾನಾವಳಿಗಳ ಚೀಟಿಗಳನ್ನೂ ತಾರೀಕಿನಂತೆ ಹೊಂದಿಸಿ ಬ್ಯಾಂಕಿಗೆ ಒಯ್ದ.

ಸಾಲ ಮಂಜೂರಾಗಲು ದಿನ ಸಾಲದೆ, ಇನ್ನಷ್ಟು ಗಡುವು ಕೇಳಲು ರಾಮದುರ್ಗದ ಬಸ್ಸು ಹತ್ತಿದ. ಮುಚ್ಚಿಡದೆ ನಡೆದದ್ದನ್ನೆಲ್ಲ ಹೇಳಿದ. ಬಸಲಿಂಗಪ್ಪ ಮಡಚುತ್ತಿದ್ದ ಸೀರೆಯನ್ನು ಕೆಳಗಿಟ್ಟ.

“ಕಸಾ ಹೊಡಿಯಾಕ ಕೀಲಿ ಕೊಟ್ರ, ಮನಿನ ಕೊಳ್ಳಾಕ ಹತ್ಯಾಳೇನು?” ಎಂದ. ಸೀರೆಯನ್ನು ಮತ್ತೆ ಕೈಗೆತ್ತಿಕೊಂಡು, “ಗ್ವಾಡಿ ಗಟ್ಟಿ ಅದಾವಲ್ಲ?” ಎಂದು ಕೇಳಿದ. ಅದು ಅವನು ಹುಟ್ಟಿದ ಮನೆ. ಒಂದು ತಿಂಗಳು ಹೆಚ್ಚು ಕೊಟ್ಟ.

ಸಾಲ ಮಂಜೂರಾದ ಮೇಲೆ ಸಂಘದವರ ಜೊತೆ ಲಾಭದ ಮಾತು. ಎರಡೂವರೆ ಲಕ್ಷ ಎಂದುಕೊಂಡಿದ್ದೆ ಎಂದು ಲಗಮಣ್ಣ ಇದ್ದದ್ದನ್ನೇ ಹೇಳಿದ.

“ತಮ್ಮಾ, ಹನ್ನೆರಡ ವರ್ಷ ಓಣಿ ತಿರುಗಿ ಒಳಗ ಯಾರದಾರ ಅಂತ ಒಂದಿನಾ ಕೇಳಲಿಲ್ಲ,” ಎಂದಳು ರಾಚವ್ವ. “ಅದಕ್ಕೊಂದ ಲಕ್ಷ ಕಡಿಮಿ ಮಾಡು.”

ಚೌಕಾಸಿ ಎಂಬತ್ತು ಸಾವಿರ ಕಡಿಮೆ ಮಾಡುವುದಕ್ಕೆ ಮುಗಿಯಿತು; ಅವನಿಗೆ ಒಂದು ಲಕ್ಷ ಎಪ್ಪತ್ತು ಸಾವಿರ ಉಳಿಯಿತು. ಸಂಚಕಾರದ ಹಣವೂ ಮರಳಿತು. ಅವನು ಮತ್ತೆ ಒಂದು ಹಳೆಯ ಸ್ಕೂಟರ್ ಕೊಂಡ. ಪಟ್ಟಿಯಲ್ಲಿ ಉಳಿದ ಆರು ಮನೆಗಳ ಮುಂದೆ ಈಗ ಮೂರು ಖಾನೆ ಗೆರೆ ಎಳೆದಿದ್ದಾನೆ: ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಮೂರೂ ತುಂಬಿದ ಮೇಲೆಯೇ ಮಾಲೀಕರಿಗೆ ಫೋನು.

ಖರೇದಿಯಾದ ಮರುತಿಂಗಳು ಗಿರಣಿ ಓಣಿಯ ಆ ಮನೆಯ ಮೀಟರ್ ನಾಲ್ಕು ಯೂನಿಟ್ ತೋರಿಸಿತು. ಬಾಗಿಲಿಗೆ ಬೀಗವಿತ್ತು. ಬಿಲ್ಲು ಸಿಕ್ಕಿಸುತ್ತಿದ್ದಾಗ ನೆರೆಮನೆಯ ಕಿಟಕಿಯಿಂದ ರಾಚವ್ವ ಕೂಗಿ ಕಾಗದ ಇಸಿದುಕೊಂಡಳು. ಒಂದು ತಾಸು ಮೊದಲು ಶುರು ಮಾಡಲು ಬಲ್ಬು ಹಾಕಿದ್ದೇವೆ ಎಂದಳು.

“ಮುಂದಿನ ತಿಂಗಳ ಮುಂಜಾನೆ ಬಾ,” ಎಂದಳು. “ಮಧ್ಯಾಹ್ನ ಬಂದ್ರ ಬಿಸಿ ರೊಟ್ಟಿ ಸಿಗೂದಿಲ್ಲ.”